ಆನ್ಸನ್ ಡಾರೆನ್ಸ್: 45 ಸೀಸನ್, 22 ಪಟ್ಟ. ಪದ್ಧತಿಯ ಫಲವೋ, ಮೊದಲು ಶುರು ಮಾಡಿದ ಲಾಭವೋ?

ಕಾರ್ನರ್_ಫ್ಲ್ಯಾಗ್
ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ (ಚಾಪೆಲ್ ಹಿಲ್) ಮಹಿಳಾ ಸಾಕರ್ (ಫುಟ್‌ಬಾಲ್) ತಂಡ ಹುಟ್ಟಿದ್ದು 1979ರಲ್ಲಿ. ಅಂದಿನಿಂದ 2024ರ ಆಗಸ್ಟ್‌ವರೆಗೆ ಅದಕ್ಕೆ ಒಬ್ಬರೇ ಕೋಚ್, ಆನ್ಸನ್ ಡಾರೆನ್ಸ್. ಹೊಸ ಸೀಸನ್ನಿನ ಹೊಸ್ತಿಲಲ್ಲಿ, 73ನೇ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಲೆಕ್ಕ: 934 ಗೆಲುವು, 88 ಸೋಲು, 53 ಡ್ರಾ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಪಟ್ಟ 21. ಅದಕ್ಕೂ ಮುಂಚೆ 1981ರಲ್ಲಿ ಎಐಎಡಬ್ಲ್ಯು (ಆಗಿನ ಮಹಿಳಾ ಕಾಲೇಜು ಕ್ರೀಡಾ ಸಂಸ್ಥೆ) ಪಟ್ಟ ಒಂದು.

ಈ ಅಂಕಿ ಇಟ್ಟುಕೊಂಡು ಎರಡು ಪಂಗಡದವರು ಯಾವಾಗಲೂ ಕಿತ್ತಾಡುತ್ತಾರೆ. ಒಬ್ಬರು "ಅಭ್ಯಾಸದ ಪದ್ಧತಿಯೇ ಗೆದ್ದದ್ದು" ಅಂತಾರೆ. ಇನ್ನೊಬ್ಬರು "ಯಾರೂ ಇಲ್ಲದ ಊರಿನಲ್ಲಿ ಮೊದಲು ಅಂಗಡಿ ತೆರೆದರೆ ವ್ಯಾಪಾರ ಆಗೇ ಆಗುತ್ತೆ" ಅಂತಾರೆ. ತಿಳಿದವರು ವಿವರ ಸಮೇತ ಬರೆಯಿರಿ. ಬರೀ ಹೊಗಳಿಕೆ ಬೇಡ.

ಅಂಕಿಅಂಶ_ಅಣ್ಣ
ಮೊದಲು ಪಟ್ಟಗಳನ್ನು ಕಾಲಕ್ಕೆ ತಕ್ಕಂತೆ ಬಿಡಿಸಿಡೋಣ. 1982, 83, 84. ಆಮೇಲೆ 1986ರಿಂದ 1994ರವರೆಗೆ ಸತತ ಒಂಬತ್ತು. ನಂತರ 1996, 97, 99, 2000, 2003, 2006, 2008, 2009, 2012. ಅಂದರೆ ಎನ್‌ಸಿಎಎ ಮಹಿಳಾ ಟೂರ್ನಿ ಶುರುವಾದ ಮೊದಲ 31 ವರ್ಷದಲ್ಲಿ 21 ಸಲ ಕಪ್ ಒಂದೇ ಊರಿಗೆ ಹೋಯಿತು. 2013ರಿಂದ 2023ರವರೆಗಿನ 11 ಟೂರ್ನಿಗಳಲ್ಲಿ ಒಂದೂ ಇಲ್ಲ.

1982ರ ಟೂರ್ನಿಯಲ್ಲಿ ಇದ್ದದ್ದು 12 ತಂಡ. 2001ರಿಂದ 64. 1992ರ ಫೈನಲ್‌ನಲ್ಲಿ ಡ್ಯೂಕ್ ವಿರುದ್ಧ 9-1, 1993ರಲ್ಲಿ ಜಾರ್ಜ್ ಮೇಸನ್ ವಿರುದ್ಧ 6-0, 1994ರಲ್ಲಿ ನೊಟರ್ ಡೇಮ್ ವಿರುದ್ಧ 5-0. ಫೈನಲ್ ಪಂದ್ಯಕ್ಕೆ ಈ ಸ್ಕೋರು ಬರುತ್ತಿತ್ತು ಎಂದರೆ ಎದುರಾಳಿಗಳು ಇನ್ನೂ ತಯಾರಾಗಿರಲಿಲ್ಲ ಎಂದೇ ಅರ್ಥ. 2009ರ ಹೊತ್ತಿಗೆ ಸ್ಟ್ಯಾನ್‌ಫರ್ಡ್ ವಿರುದ್ಧ 1-0. ಅಂತರ ಕರಗಿದ್ದು ಕಣ್ಣಿಗೇ ಕಾಣುತ್ತೆ.

ನನ್ನ ಮತ ಎರಡನೇ ಪಂಗಡಕ್ಕೆ. ಪೂರ್ತಿ ಅಲ್ಲ, ಆದರೆ ಹೆಚ್ಚಿನ ಪಾಲು.

ಹಳೇ_ಲಿಬೆರೊ
ಅಣ್ಣ, ಅಂಗಡಿ ಮೊದಲು ತೆರೆದದ್ದು ನಿಜ. ಆದರೆ ಆ ರಸ್ತೆ ಹಾಕಿದವರಲ್ಲೂ ಅವರೊಬ್ಬರು ಎಂಬುದನ್ನು ಬಿಟ್ಟು ಲೆಕ್ಕ ಹಾಕಬೇಡಿ.

ಡಾರೆನ್ಸ್ ಹುಟ್ಟಿದ್ದು 1951ರಲ್ಲಿ ಬಾಂಬೆಯಲ್ಲಿ. ತಂದೆ ತೈಲ ಕಂಪನಿಯ ಅಧಿಕಾರಿ. ಹಾಗಾಗಿ ಬಾಲ್ಯವೆಲ್ಲ ಭಾರತ, ಕೀನ್ಯಾ, ಇಥಿಯೋಪಿಯಾ, ಸಿಂಗಾಪುರ, ಬೆಲ್ಜಿಯಂ, ಸ್ವಿಟ್ಜರ್‌ಲೆಂಡ್ ಎಂದು ಸುತ್ತಾಟ. ಅಮೆರಿಕದ ಹುಡುಗರು ಬೇಸ್‌ಬಾಲ್ ಆಡುತ್ತಿದ್ದ ವಯಸ್ಸಿನಲ್ಲಿ ಇವರಿಗೆ ಸಿಕ್ಕಿದ್ದು ಫುಟ್‌ಬಾಲ್. ಚಾಪೆಲ್ ಹಿಲ್‌ನಲ್ಲಿ ಮಾರ್ವಿನ್ ಆಲೆನ್ ಕೈಕೆಳಗೆ ಆಡಿ, 1974ರಲ್ಲಿ ಇಂಗ್ಲಿಷ್ ಮತ್ತು ತತ್ತ್ವಶಾಸ್ತ್ರದಲ್ಲಿ ಪದವಿ ಮುಗಿಸಿದರು. ಆಲೆನ್ ನಿವೃತ್ತರಾದಾಗ ಪುರುಷರ ತಂಡ ಇವರ ಕೈಗೆ ಬಂತು. 1977ರಿಂದ 1988ರವರೆಗೆ ಅದನ್ನೂ ನಡೆಸಿದರು: 172 ಗೆಲುವು, 65 ಸೋಲು, 21 ಡ್ರಾ, 1987ರಲ್ಲಿ ಎಸಿಸಿ (ಆ ಭಾಗದ ವಿಶ್ವವಿದ್ಯಾಲಯಗಳ ಕೂಟ) ಪಟ್ಟ, ಅದೇ ವರ್ಷ ರಾಷ್ಟ್ರೀಯ ಸೆಮಿಫೈನಲ್. ಪುರುಷರ ಸಾಕರ್‌ನಲ್ಲಿ ಆಗಲೇ ಇಂಡಿಯಾನಾ ವಿಶ್ವವಿದ್ಯಾಲಯದಂಥ ಬಲಾಢ್ಯರಿದ್ದರು. ಮೊದಲು ಬಂದ ಲಾಭ ಅಲ್ಲಿ ಇರಲಿಲ್ಲ. ಆದರೂ ಅದು ಕಳಪೆ ದಾಖಲೆಯಲ್ಲ.

ಮಹಿಳಾ ತಂಡದ ಹಿಂದೆ 1972ರ ಟೈಟಲ್ ನೈನ್ ಕಾನೂನಿನ (ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು-ಗಂಡು ಭೇದ ಕೂಡದು ಎನ್ನುವುದು) ಒತ್ತಡವಿತ್ತು. ಕ್ಯಾಂಪಸ್ಸಿನ ಕ್ಲಬ್ ತಂಡದ ಹುಡುಗಿಯರು ಅಧಿಕೃತ ಮಾನ್ಯತೆ ಕೇಳಿದಾಗ, ಕ್ರೀಡಾ ನಿರ್ದೇಶಕ ಬಿಲ್ ಕೋಬಿ ಅವರು ಡಾರೆನ್ಸ್‌ಗೆ "ಹೋಗಿ ಒಮ್ಮೆ ನೋಡಿ ಬನ್ನಿ" ಎಂದರು. ತಂಡ ಮಂಜೂರಾಯಿತು, ಆದರೆ ಆಡಲು ಸರಿಯಾದ ಟೂರ್ನಿಯೇ ಇರಲಿಲ್ಲ. 1981ರ ಎಐಎಡಬ್ಲ್ಯು ಟೂರ್ನಿ ನಡೆಯಲು ಓಡಾಡಿದವರಲ್ಲಿ ಇವರೂ ಒಬ್ಬರು. ಅದು ನಡೆದದ್ದೂ ಚಾಪೆಲ್ ಹಿಲ್‌ನಲ್ಲೇ.

ಸಂಜೆ_ಮೈದಾನ
ಲಿಬೆರೊ ಸರ್ ಇತಿಹಾಸ ಹೇಳಿದರು. ನಾನು ಪದ್ಧತಿಯ ಬಗ್ಗೆ ಬರೆಯುತ್ತೇನೆ. ಅದರ ಹೆಸರು ಎಲ್ಲರಿಗೂ ಗೊತ್ತು, "ಕಾಂಪಿಟಿಟಿವ್ ಕಾಲ್ಡ್ರನ್", ಅಂದರೆ ಪೈಪೋಟಿಯ ಕಡಾಯಿ. ಒಳಗೆ ಏನಿದೆ ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ.

ಮೂಲ ಅದೇ ಕ್ಯಾಂಪಸ್ಸಿನ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್. ಅವರ ಅಭ್ಯಾಸದಲ್ಲಿ ವಿದ್ಯಾರ್ಥಿ ಮ್ಯಾನೇಜರುಗಳು ಪ್ಯಾಡ್ ಹಿಡಿದು ನಿಂತು ಹೊಡೆದದ್ದು, ತಪ್ಪಿದ್ದು ಎಲ್ಲ ಬರೆದುಕೊಳ್ಳುತ್ತಿದ್ದರು. ಡಾರೆನ್ಸ್ ಅದನ್ನು ಹುಲ್ಲಿನ ಮೈದಾನಕ್ಕೆ ತಂದರು. ಒಬ್ಬರ ಎದುರು ಒಬ್ಬರ ಆಟ, ಹೆಡಿಂಗ್, ಫಿನಿಶಿಂಗ್, ಉದ್ದ ಪಾಸ್, ಚಿಕ್ಕ ಮೈದಾನದ ಪಂದ್ಯ, ಓಟದ ಪರೀಕ್ಷೆ, ಎಲ್ಲದಕ್ಕೂ ಗೆಲುವು-ಸೋಲಿನ ದಾಖಲೆ. ಪ್ರತಿ ವಿಭಾಗದಲ್ಲಿ ಮೊದಲಿಂದ ಕೊನೆಯವರೆಗೆ ರ‍್ಯಾಂಕ್ ಹಾಕಿ ಎಲ್ಲರಿಗೂ ಕಾಣುವಂತೆ ಅಂಟಿಸುವುದು. ವರ್ಷಕ್ಕೆ ಮೂರು ಸಲ, ಸೀಸನ್ನಿಗೆ ಮುಂಚೆ, ಸೀಸನ್ ಮುಗಿದ ಮೇಲೆ ಮತ್ತು ವಸಂತದಲ್ಲಿ, ಒಬ್ಬೊಬ್ಬ ಆಟಗಾರ್ತಿಯನ್ನೂ ಕೂರಿಸಿಕೊಂಡು ಮಾತು. ಆ ಮಾತಿನ ಆಧಾರ ಈ ಹಾಳೆ.

ಇದರ ಗುಟ್ಟು ಸಂಖ್ಯೆಗಳಲ್ಲಿಲ್ಲ. ಅಭ್ಯಾಸದಲ್ಲಿ ಗೆಳತಿಯ ಕಾಲಿಗೆ ಜೋರಾಗಿ ನುಗ್ಗಲು ಹಿಂಜರಿಯುವವರಿಗೆ ಅದೊಂದು ಪರವಾನಗಿ. "ನಾನು ಜಗಳಗಂಟಿಯಲ್ಲ, ಹಾಳೆಗಾಗಿ ಆಡುತ್ತಿದ್ದೇನೆ" ಎನ್ನುವ ನೆಪ ಸಿಗುತ್ತೆ. ಡಾರೆನ್ಸ್ ತಮ್ಮ ಮಾತುಗಳಲ್ಲಿ ಈ ಅಂಶಕ್ಕೇ ಹೆಚ್ಚು ಒತ್ತು ಕೊಟ್ಟಿದ್ದಾರೆ.

ಪಿಟಿ_ಮೇಷ್ಟ್ರು
ನಮ್ಮ ಕಾಲೇಜು ತಂಡಕ್ಕೆ ಇದು ಒಗ್ಗುತ್ತಾ? 20 ಜನ ಮೈದಾನದ ಆಟಗಾರರು, 2 ಗೋಲ್‌ಕೀಪರ್, ಸಂಜೆ ಒಂದೂವರೆ ತಾಸು, ಅರ್ಧ ಮೈದಾನ. ಬರೆದುಕೊಳ್ಳಲು ಇಬ್ಬರು ಸಿಗಬಹುದು. ಎಲ್ಲಿಂದ ಶುರು ಮಾಡೋದು?

ಸಂಜೆ_ಮೈದಾನ
ಮೇಷ್ಟ್ರೇ, ಒಬ್ಬರಿಗೆ ಒಬ್ಬರು ಆಟದಿಂದ ಶುರು ಮಾಡಿ. ಬೇರೆಲ್ಲ ಆಮೇಲೆ.

ಕೋನ್ ಇಟ್ಟು 10 ಅಂಕಣ ಮಾಡಿ, ಒಂದೊಂದು ಸುಮಾರು 15 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ತುದಿಯಲ್ಲಿ ಎರಡು ಹೆಜ್ಜೆ ಅಗಲದ ಕೋನ್ ಗೋಲು. ಒಂದು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ. ಗೋಲು ಬಿದ್ದರೆ, ಗೋಲು ಬಿಟ್ಟುಕೊಟ್ಟವರಿಗೆ ಚೆಂಡು. ಪ್ರತಿ ಅಂಕಣದ ಪಕ್ಕ ಇನ್ನೊಂದು ಚೆಂಡು ಇರಲೇಬೇಕು. ಇಲ್ಲದಿದ್ದರೆ ನಿಮಿಷದ ಅರ್ಧ ಚೆಂಡು ಹೆಕ್ಕಿ ತರುವುದರಲ್ಲೇ ಹೋಗುತ್ತೆ. ಗೆದ್ದರೆ 3, ಸಮ ಆದರೆ 1.

20 ಜನ ಎಲ್ಲರೂ ಎಲ್ಲರ ಜೊತೆ ಆಡಬೇಕೆಂದರೆ 190 ಜೋಡಿ. ಒಂದು ಸುತ್ತಿಗೆ 10 ಜೋಡಿ, ಹಾಗಾಗಿ 19 ಸುತ್ತು. ದಿನಕ್ಕೆ 5 ಸುತ್ತು ಅಂದರೆ 15 ನಿಮಿಷ. ನಾಲ್ಕು ಸಂಜೆಯಲ್ಲಿ ಪೂರ್ತಿ ಪಟ್ಟಿ ಸಿಗುತ್ತೆ. ಜೋಡಿ ಹಾಕಲು ತಲೆ ಕೆಡಿಸಿಕೊಳ್ಳಬೇಡಿ: ಎದುರುಬದುರು ಎರಡು ಸಾಲು ನಿಲ್ಲಿಸಿ, ಒಂದು ತುದಿಯವನನ್ನು ಅಲ್ಲೇ ಬಿಟ್ಟು ಉಳಿದವರೆಲ್ಲ ಪ್ರತಿ ಸುತ್ತಿಗೂ ಒಂದೊಂದು ಜಾಗ ಬಲಕ್ಕೆ ತಿರುಗಲಿ. 19 ತಿರುವಿಗೆ ಯಾವ ಜೋಡಿಯೂ ಮರುಕಳಿಸುವುದಿಲ್ಲ.

ಜೋಡಿಯನ್ನು ಹುಡುಗರೇ ಆರಿಸಿಕೊಳ್ಳಲು ಬಿಟ್ಟಿರೋ, ಬಲವಾದವನ ಎದುರು ಯಾರೂ ನಿಲ್ಲುವುದಿಲ್ಲ. ಪಟ್ಟಿ ಅಲ್ಲಿಗೇ ಹಾಳಾಯಿತು.

ಅಂಕಿಅಂಶ_ಅಣ್ಣ
ಇದಕ್ಕೆ ಒಂದೆರಡು ಎಚ್ಚರಿಕೆ ಸೇರಿಸುತ್ತೇನೆ. ಗಾಯವಾಗಿ ಬಾರದವನಿಗೆ ಸೊನ್ನೆ ಕೊಡಬೇಡಿ, ಆಡಿದ ಪಂದ್ಯಗಳ ಶೇಕಡಾವಾರು ಹಾಕಿ. ಸೊನ್ನೆ ಕೊಟ್ಟರೆ ಉಳುಕಿದ ಕಾಲಲ್ಲೇ ಬಂದು ಆಡುತ್ತಾರೆ, ಎರಡು ವಾರದ ನೋವು ಎರಡು ತಿಂಗಳಾಗುತ್ತೆ.

4-4 ಚಿಕ್ಕ ಪಂದ್ಯಗಳಲ್ಲಿ ತಂಡವನ್ನು ದಿನಾ ಕಲಸಬೇಕು. ಅದೇ ನಾಲ್ವರು ಒಟ್ಟಿಗೆ ಇದ್ದರೆ ಗೆಲುವು ಯಾರದು ಅಂತ ಬೇರ್ಪಡಿಸಲು ಆಗಲ್ಲ. ಕಲಸುತ್ತಾ ಹೋದರೆ, ಎಲ್ಲಿ ಹಾಕಿದರೂ ಆ ಕಡೆಯವರು ಗೆಲ್ಲುವ ಒಬ್ಬ ಸದ್ದಿಲ್ಲದ ಮಿಡ್‌ಫೀಲ್ಡರ್ ಮೇಲೆ ಬರುತ್ತಾನೆ. ಕಣ್ಣಂದಾಜಿನಲ್ಲಿ ತಪ್ಪಿಹೋಗುವವನು ಅವನೇ. ಗೋಲು ಅಂತರವನ್ನು 3ಕ್ಕೆ ಮಿತಿ ಹಾಕಿ, ಇಲ್ಲದಿದ್ದರೆ ಒಂದೇ ದಿನದ 9-0 ಇಡೀ ತಿಂಗಳನ್ನು ತಿರುಚುತ್ತೆ.

ಮಂಗ್ಳೂರು_ವಿಂಗರ್
ಓಟದ ಪರೀಕ್ಷೆ ಬಿಟ್ಟಿರಲ್ಲ ಮಾರಾಯ್ರೇ! ಚಾಪೆಲ್ ಹಿಲ್‌ನ ಹೆಸರಾಂತ "120" ಅದೇ: 120 ಗಜ ಸುಮಾರು 18 ಸೆಕೆಂಡಿನಲ್ಲಿ, 30 ಸೆಕೆಂಡಿನಲ್ಲಿ ನಿಧಾನಕ್ಕೆ ವಾಪಸ್, 30 ಸೆಕೆಂಡ್ ನಿಲುವು, ಹೀಗೆ 10 ಸಲ. ಒಟ್ಟು 13 ನಿಮಿಷ. ಕೇಳಲು ಸುಲಭ, ಆರನೆಯದರಿಂದ ಕಾಲು ಮಾತು ಕೇಳಲ್ಲ. ಜೊತೆಗೆ ಕೂಪರ್ ಪರೀಕ್ಷೆ, 12 ನಿಮಿಷದಲ್ಲಿ 400 ಮೀಟರ್ ಟ್ರ್ಯಾಕಿನ ಏಳೂಕಾಲು ಸುತ್ತು, ಅಂದರೆ 2900 ಮೀಟರ್.

120 ಗಜ ಅಂದರೆ 110 ಮೀಟರ್ ಹತ್ತಿರ. ನಮ್ಮ ಎಷ್ಟೋ ಮೈದಾನ 100 ಮೀಟರ್ ಮುಟ್ಟೋದಿಲ್ಲ. 100 ಮೀಟರ್ ಇದ್ದರೆ ಸಮಯ 16.4 ಸೆಕೆಂಡ್ ಇಡಿ, ಅದೇ 18 ಇಟ್ಟರೆ ಪರೀಕ್ಷೆಯೇ ಅಲ್ಲ. ಮತ್ತೆ ಗಟ್ಟಿ ಕೆಂಪು ಮಣ್ಣಿನಲ್ಲಿ ಮೊದಲ ವಾರವೇ 10 ಓಡಿಸಬೇಡಿ. 4ರಿಂದ ಶುರು ಮಾಡಿ ವಾರಕ್ಕೆ 2 ಏರಿಸಿ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಟೂರ್ನಿಯೇ ಹೋಯ್ತು.

ಹಳೇ_ಲಿಬೆರೊ
ಓಟಕ್ಕೂ ಅವರ ಆಟದ ರೂಪಕ್ಕೂ ನೇರ ಸಂಬಂಧವಿದೆ, ಅದನ್ನು ಹೇಳದೆ ಬಿಟ್ಟರೆ 120 ಬರೀ ಶಿಕ್ಷೆಯಂತೆ ಕಾಣುತ್ತೆ.

ಆಟ 3-4-3. ಹಿಂದೆ ಮೂವರೇ. ಮುಂದಿನ ಮೂವರು ಎದುರಾಳಿಯ ಡಿಫೆಂಡರಿಗೆ ತಲೆ ಎತ್ತಿ ನೋಡಲು ಸಮಯ ಕೊಡದೆ ಮೇಲೆ ಬೀಳಬೇಕು. ನೇರ ಓಡಿದರೆ ಪ್ರಯೋಜನವಿಲ್ಲ. ಬಾಗಿದ ದಾರಿಯಲ್ಲಿ ಓಡಿ ಒಳಗಿನ ಪಾಸ್ ಮುಚ್ಚಬೇಕು, ಚೆಂಡು ಮೈದಾನದ ಪಕ್ಕದ ಗೆರೆಯ ಕಡೆಗೇ ಹೋಗುವಂತೆ ಮಾಡಬೇಕು. ಗೆರೆ ಹತ್ತಿರ ಎರಡನೆಯವಳು ಕಾಯುತ್ತಿರುತ್ತಾಳೆ. ಮುಂದಿನ ಮೂವರಲ್ಲಿ ಒಬ್ಬಳು ಅರೆಮನಸ್ಸಿನಿಂದ ಓಡಿದರೂ ಸಾಕು, ಒಂದು ಉದ್ದ ಚೆಂಡು ಬಿದ್ದು ಹಿಂದಿನ ಮೂವರ ಎದುರು ಮೂವರು ಬಂದು ನಿಲ್ಲುತ್ತಾರೆ. ಹಾಗಾಗಿ ಹಿಂದಿನವರಿಗೆ ಒಬ್ಬರಿಗೆ ಒಬ್ಬರು ಆಟದ ರ‍್ಯಾಂಕ್ ಬರೀ ಶೋಕಿಯಲ್ಲ, ಅದೇ ಕೆಲಸದ ಅರ್ಹತೆ.

90 ನಿಮಿಷ ಯಾರೂ ಹಾಗೆ ಓಡಲಾರರು. ಇಲ್ಲಿ ಕಾಲೇಜು ನಿಯಮ ನೆರವಿಗೆ ಬರುತ್ತೆ. ಫಿಫಾ ನಿಯಮದಂತೆ ಹೊರಹೋದವರು ಮತ್ತೆ ಬರುವಂತಿಲ್ಲ. ಎನ್‌ಸಿಎಎ ಮಹಿಳಾ ಸಾಕರ್‌ನಲ್ಲಿ ಬಹುಕಾಲ ಇದ್ದ ನಿಯಮ ಬೇರೆ: ಮೊದಲರ್ಧದಲ್ಲಿ ಹೊರಹೋದವರು ಆ ಅರ್ಧದಲ್ಲಿ ಬರುವಂತಿಲ್ಲ, ಆದರೆ ಎರಡನೇ ಅರ್ಧಕ್ಕೆ ಇಳಿಯಬಹುದು. ಎರಡನೇ ಅರ್ಧದಲ್ಲಿ ಹೊರಹೋದವರು ಒಮ್ಮೆ ಮರಳಬಹುದು. ಡಾರೆನ್ಸ್ ಇದನ್ನು ಚೆನ್ನಾಗಿ ಹಿಂಡಿದರು. ಮೊದಲರ್ಧದ ನಡುವೆ ಮುಂದಿನ ಸಾಲನ್ನೇ ಸಾರಾಸಗಟಾಗಿ ಬದಲಿಸಿದರೆ, ಹೊರಬಂದವರಿಗೆ ಉಳಿದ 20 ನಿಮಿಷ ಮತ್ತು 15 ನಿಮಿಷದ ವಿರಾಮ ಸೇರಿ ಅರ್ಧ ಗಂಟೆ ದಾಟಿದ ವಿಶ್ರಾಂತಿ. ಎದುರಾಳಿಯ ಡಿಫೆಂಡರಿಗೆ ಆ ವಿರಾಮ ಬಿಟ್ಟರೆ ಬೇರೆ ವಿಶ್ರಾಂತಿ ಇಲ್ಲ, ಅವಳು ಎರಡು ತಾಜಾ ಸಾಲುಗಳನ್ನು ಒಬ್ಬಳೇ ಎದುರಿಸಬೇಕು.

ಕಾರ್ನರ್_ಫ್ಲ್ಯಾಗ್
ಅಂದರೆ ಬೆಂಚಿನಲ್ಲಿ ಅಷ್ಟು ಒಳ್ಳೆಯವರು ಇರಬೇಕಲ್ಲ ಸರ್. ಮತ್ತೆ ತಿರುಗಿ ಪ್ರತಿಭೆಯ ಪ್ರಶ್ನೆಗೇ ಬಂದೆವು.

ಅಂಕಿಅಂಶ_ಅಣ್ಣ
ಅದನ್ನೇ ಹೇಳುತ್ತಿದ್ದೆ. ಏಪ್ರಿಲ್ ಹೈನ್ರಿಕ್ಸ್, ಕ್ರಿಸ್ಟೀನ್ ಲಿಲಿ, ಮಿಯಾ ಹ್ಯಾಮ್, ಟಿಶಾ ವೆಂಚುರಿನಿ, ಸಿಂಡಿ ಪಾರ್ಲೋ, ಹೆದರ್ ಓ'ರೈಲಿ, ಟೋಬಿನ್ ಹೀತ್, ಕ್ರಿಸ್ಟಲ್ ಡನ್. ಇಂಗ್ಲೆಂಡಿನ ಲೂಸಿ ಬ್ರಾಂಜ್ 2009ರ ಪಟ್ಟ ಗೆದ್ದ ತಂಡದಲ್ಲಿದ್ದರು, ಆಮೇಲೆ ಅಲೆಸಿಯಾ ರುಸೋ, ಲಾಟ್ ವುಬನ್-ಮಾಯ್. ಇಂಥವರನ್ನು ಇಟ್ಟುಕೊಂಡು ಹಾಳೆ ಬರೆಯದೆಯೂ ಗೆಲ್ಲಬಹುದು. ಅವರು ಅಲ್ಲಿಗೆ ಬಂದದ್ದು ಹಿಂದಿನ ಪಟ್ಟ ನೋಡಿ. ಪಟ್ಟ ಪ್ರತಿಭೆ ತರುತ್ತೆ, ಪ್ರತಿಭೆ ಪಟ್ಟ ತರುತ್ತೆ.

ಜೊತೆಗೆ 1986ರಿಂದ 1994ರವರೆಗೆ ಅವರೇ ರಾಷ್ಟ್ರೀಯ ತಂಡದ ಕೋಚ್. ದೇಶದ ಒಳ್ಳೆಯ ಹುಡುಗಿಯರೆಲ್ಲ ಅವರ ಕಣ್ಣೆದುರೇ ಹಾದುಹೋಗುತ್ತಿದ್ದರು. ಮಿಯಾ ಹ್ಯಾಮ್ 15ನೇ ವಯಸ್ಸಿನಲ್ಲಿ, 1987ರಲ್ಲಿ, ರಾಷ್ಟ್ರೀಯ ತಂಡಕ್ಕೆ ಇಳಿದದ್ದು ಅವರ ಕೈಕೆಳಗೆ. 1989ರಲ್ಲಿ ಚಾಪೆಲ್ ಹಿಲ್ ಸೇರಿದರು. ಇದು ತಪ್ಪು ಎನ್ನುತ್ತಿಲ್ಲ, ಆದರೆ ಬೇರೆ ಕೋಚ್‌ಗಳಿಗೆ ಇರದಿದ್ದ ಅನುಕೂಲ.

ಹಳೇ_ಲಿಬೆರೊ
ಒಪ್ಪಿದೆ. ಆದರೆ ರಾಷ್ಟ್ರೀಯ ತಂಡದ ಲೆಕ್ಕ ನೋಡಿದರೆ ನಿಮ್ಮ ವಾದ ಅರ್ಧಕ್ಕೇ ನಿಲ್ಲುತ್ತೆ. 1991ರಲ್ಲಿ ಚೀನಾದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಅಮೆರಿಕಕ್ಕೆ ಮೊದಲು ಬಂದ ಲಾಭ ಇರಲಿಲ್ಲ. ನಾರ್ವೆ, ಸ್ವೀಡನ್, ಜರ್ಮನಿ ಎಲ್ಲ ಹಳಬರು. ಅಲ್ಲೂ ಅದೇ 3-4-3. ಮುಂದೆ ಹೈನ್ರಿಕ್ಸ್, ಮಿಶೆಲ್ ಏಕರ್ಸ್, ಕ್ಯಾರಿನ್ ಜೆನಿಂಗ್ಸ್. ಇವರಲ್ಲಿ ಚಾಪೆಲ್ ಹಿಲ್‌ನವರು ಹೈನ್ರಿಕ್ಸ್ ಒಬ್ಬರೇ, ಗಮನಿಸಿ. ಸೆಮಿಫೈನಲ್‌ನಲ್ಲಿ ಜರ್ಮನಿ ವಿರುದ್ಧ 5-2 ಗೆಲುವು, ಜೆನಿಂಗ್ಸ್ ಹ್ಯಾಟ್ರಿಕ್. ಗುವಾಂಗ್‌ಝೌನ ಫೈನಲ್‌ನಲ್ಲಿ ನಾರ್ವೆ ವಿರುದ್ಧ 2-1 ಗೆಲುವು, ಎರಡೂ ಏಕರ್ಸ್ ಗೋಲು, ಎರಡನೆಯದು 78ನೇ ನಿಮಿಷಕ್ಕೆ. ಆಗ ಪಂದ್ಯ 80 ನಿಮಿಷದ್ದು.

1986-88ರಲ್ಲಿ ಕಾಲೇಜಿನ ಪುರುಷರ ತಂಡ, ಮಹಿಳೆಯರ ತಂಡ, ರಾಷ್ಟ್ರೀಯ ತಂಡ ಮೂರನ್ನೂ ಒಟ್ಟಿಗೆ ನಡೆಸಿದವರು. ಇದು ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಸಹಾಯಕ ಕೋಚ್ ಬಿಲ್ ಪಲ್ಲಾಡಿನೊ ಹೆಸರು ಈ ಚರ್ಚೆಗಳಲ್ಲಿ ಬರುವುದೇ ಕಡಿಮೆ.

ಟ್ರಯಾಂಗಲ್_ಕನ್ನಡತಿ
ಎಲ್ಲ ಸರಿ, ಆದರೆ ವೃತ್ತಿಜೀವನದ ಚರ್ಚೆ ಅಂದಮೇಲೆ ಮೊಕದ್ದಮೆಯನ್ನು ಯಾಕೆ ಯಾರೂ ಮುಟ್ಟುತ್ತಿಲ್ಲ? 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದಾವೆ ಹೂಡಿದರು. ಡಾರೆನ್ಸ್ ಆರೋಪ ಒಪ್ಪಲಿಲ್ಲ. ಒಂದು ದಾವೆ 2004ರಲ್ಲಿ ರಾಜಿಯಾಯಿತು. ಇನ್ನೊಂದನ್ನು ಕೆಳ ನ್ಯಾಯಾಲಯ ತಳ್ಳಿಹಾಕಿದ್ದರೂ 2007ರಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ ವಿಚಾರಣೆಗೆ ಮರಳಿ ಕಳಿಸಿತು. 2008ರಲ್ಲಿ ವಿಶ್ವವಿದ್ಯಾಲಯ 3,85,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಟಗಾರ್ತಿಯರ ಖಾಸಗಿ ಜೀವನದ ಬಗೆಗಿನ ಮಾತುಕತೆಯಲ್ಲಿ ತಾವು ಸೇರಿಕೊಂಡದ್ದು ಸರಿಯಲ್ಲ ಎಂದು ಡಾರೆನ್ಸ್ ಬರಹದಲ್ಲಿ ಕ್ಷಮೆ ಕೇಳಿದರು.

ಪದ್ಧತಿಯ ಮಾತಿಗೂ ಇದು ತಾಗುತ್ತೆ. ಯಾರು ಆಡಬೇಕು, ಯಾರಿಗೆ ಎಷ್ಟು ಸ್ಕಾಲರ್‌ಶಿಪ್, ಯಾರು ರಾಷ್ಟ್ರೀಯ ತಂಡದ ಕಣ್ಣಿಗೆ ಬೀಳಬೇಕು ಎಂಬುದೆಲ್ಲ ಒಬ್ಬರ ಕೈಯಲ್ಲಿದ್ದಾಗ, 18 ವರ್ಷದ ಹುಡುಗಿ "ಈ ಮಾತು ಬೇಡ ಸರ್" ಎನ್ನುವುದು ಸುಲಭವಲ್ಲ. ತಂಡ ಮನೆಯಂತೆ ಇರಬೇಕು ಎನ್ನುವ ಕೋಚ್‌ಗಳೆಲ್ಲ ಓದಬೇಕಾದ ತೀರ್ಪು ಅದು.

ಪಿಟಿ_ಮೇಷ್ಟ್ರು
ಮೇಡಂ ಹೇಳಿದ್ದು ಸರಿ. ಹುಡುಗಿಯರ ತಂಡ ಇದ್ದಲ್ಲಿ ಒಬ್ಬ ಮಹಿಳಾ ಮ್ಯಾನೇಜರ್ ಇರಲೇಬೇಕು, ಒಬ್ಬೊಬ್ಬರ ಜೊತೆಗಿನ ಮಾತು ಬಾಗಿಲು ತೆರೆದ ಕೋಣೆಯಲ್ಲೇ ಆಗಬೇಕು.

2012ರ ನಂತರ ಪಟ್ಟ ಯಾಕೆ ಬರಲಿಲ್ಲ?

ಟ್ರಯಾಂಗಲ್_ಕನ್ನಡತಿ
ಬಾರದಿದ್ದರೂ ಬಾಗಿಲವರೆಗೆ ಹೋಗಿದ್ದರು ಮೇಷ್ಟ್ರೇ. 2018ರ ಫೈನಲ್‌ನಲ್ಲಿ ಫ್ಲಾರಿಡಾ ಸ್ಟೇಟ್ ಎದುರು 0-1. 2019ರಲ್ಲಿ ಸ್ಟ್ಯಾನ್‌ಫರ್ಡ್ ಎದುರು 0-0 ಆಗಿ ಪೆನಾಲ್ಟಿಯಲ್ಲಿ ಸೋಲು. 2022ರದ್ದಂತೂ ಇಲ್ಲೇ, ಚಾಪೆಲ್ ಹಿಲ್ ಹತ್ತಿರದ ಕ್ಯಾರಿ ಊರಿನ ವೇಕ್‌ಮೆಡ್ ಪಾರ್ಕ್‌ನಲ್ಲಿ. ಯುಸಿಎಲ್‌ಎ ವಿರುದ್ಧ 2-0 ಮುಂದಿದ್ದರು. 80ನೇ ನಿಮಿಷಕ್ಕೆ ಒಂದು ಗೋಲು ಹೋಯಿತು. ಕಾಲೇಜು ಸಾಕರ್‌ನಲ್ಲಿ ಗಡಿಯಾರ ಹಿಮ್ಮುಖವಾಗಿ ಓಡುತ್ತೆ, ಇಂಜುರಿ ಟೈಮ್ ಇಲ್ಲ, ಸೊನ್ನೆ ಮುಟ್ಟಿದರೆ ಮುಗಿಯಿತು. ಬೋರ್ಡಿನಲ್ಲಿ 16 ಸೆಕೆಂಡ್ ಉಳಿದಿದ್ದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ಹೆಡರ್, 2-2. ಹೆಚ್ಚುವರಿ ಸಮಯದಲ್ಲಿ 3-2 ಸೋಲು.

ಕಾರಣ ಒಂದಲ್ಲ. ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ ಈಗ 330ಕ್ಕೂ ಹೆಚ್ಚು ಮಹಿಳಾ ತಂಡಗಳಿವೆ. ಪ್ರತಿ ತಂಡಕ್ಕೂ ಬಹುಕಾಲ 14 ಸ್ಕಾಲರ್‌ಶಿಪ್‌ನ ಮಿತಿ, ಅದನ್ನು ಭಾಗ ಮಾಡಿ ಹಂಚಬಹುದಿತ್ತು. ಅಂದರೆ 15ನೆಯ ಒಳ್ಳೆ ಆಟಗಾರ್ತಿ ಚಾಪೆಲ್ ಹಿಲ್‌ನಲ್ಲಿ ಬೆಂಚು ಕಾಯುವ ಬದಲು ಬೇರೆ ಕಡೆ ಪೂರ್ತಿ ಹಣದ ಮೇಲೆ ಮೊದಲ ಹನ್ನೊಂದರಲ್ಲಿ ಆಡುತ್ತಾಳೆ. ಲಿಬೆರೊ ಸರ್ ಹೇಳಿದ ಎರಡು ಸಾಲಿನ ತಂತ್ರಕ್ಕೆ ಮೊದಲ ಪೆಟ್ಟು ಬಿದ್ದದ್ದು ಅಲ್ಲೇ.

ಎರಡನೇ ಪೆಟ್ಟು ವೃತ್ತಿಪರ ಲೀಗ್‌ನಿಂದ. ಎನ್‌ಡಬ್ಲ್ಯುಎಸ್‌ಎಲ್ 2013ರಲ್ಲಿ ಬಂತು. ಒಲಿವಿಯಾ ಮೌಲ್ಟ್ರಿ 11ನೇ ವಯಸ್ಸಿಗೇ ಚಾಪೆಲ್ ಹಿಲ್‌ಗೆ ಬರುತ್ತೇನೆ ಎಂದವರು, 13ಕ್ಕೆ ವೃತ್ತಿಪರರಾದರು. ಕಾಲೇಜಿಗೆ ಕಾಲಿಡಲೇ ಇಲ್ಲ. ಆಲಿ ಸೆಂಟ್ನರ್ ಓದಿನ ವರ್ಷ ಬಾಕಿ ಇರುವಾಗಲೇ 2024ರ ಡ್ರಾಫ್ಟ್‌ನಲ್ಲಿ (ಲೀಗ್ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು) ಮೊದಲ ಆಯ್ಕೆಯಾಗಿ ಯೂಟಾ ತಂಡಕ್ಕೆ ಹೋದರು. ಅದರ ಮೇಲೆ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬೇಕೆನ್ನುವವರು ಹೆಸರು ಹಾಕುವ ಪಟ್ಟಿ. ಹಾಳೆಯಲ್ಲಿ ಕೆಳಗೆ ಬಂದವಳು ಮುಂಚೆ ವರ್ಷ ಪೂರ್ತಿ ದುಡಿದು ಮೇಲೆ ಬರುತ್ತಿದ್ದಳು, ಈಗ ಡಿಸೆಂಬರ್‌ನಲ್ಲಿ ಊರು ಬದಲಿಸುತ್ತಾಳೆ.

ಅಂಕಿಅಂಶ_ಅಣ್ಣ
ಈ ಕೊನೆಯ ಅಂಶ ಮುಖ್ಯ. ಬಹಿರಂಗ ರ‍್ಯಾಂಕ್ ಪಟ್ಟಿ ಕೆಲಸ ಮಾಡಲು ಹೊರಗೆ ಹೋಗುವ ದಾರಿ ಕಷ್ಟವಿರಬೇಕು. ಅಷ್ಟರ ಮಟ್ಟಿಗೆ ಪದ್ಧತಿಯೂ ಕಾಲದ ಕೂಸು.

ಹಳೇ_ಲಿಬೆರೊ
ಆದರೆ 2024ಕ್ಕೆ ಏನು ಹೇಳುತ್ತೀರಿ ಅಣ್ಣ? ಆಗಸ್ಟ್‌ನಲ್ಲಿ ಡಾರೆನ್ಸ್ ಬಿಟ್ಟರು, ಸಹಾಯಕರಾಗಿದ್ದ ಡೇಮನ್ ನಹಾಸ್ ಹಂಗಾಮಿ ಕೋಚ್ ಆದರು. ತಂಡದಿಂದ ಎಷ್ಟೋ ಜನ ಹೊರಟುಹೋಗಿದ್ದರು. ಡಿಸೆಂಬರ್‌ನಲ್ಲಿ ಅದೇ ಕ್ಯಾರಿಯಲ್ಲಿ ವೇಕ್ ಫಾರೆಸ್ಟ್ ವಿರುದ್ಧ 1-0, ಪಟ್ಟ. ಅದು ಡಾರೆನ್ಸ್ ಲೆಕ್ಕಕ್ಕೆ ಸೇರುವುದಿಲ್ಲ, ಸೇರಿಸಲೂಬಾರದು. ಆದರೆ ಕೋಚ್ ಹೋದ ನಾಲ್ಕು ತಿಂಗಳಿಗೆ ಗೆದ್ದ ತಂಡದಲ್ಲಿ ಪದ್ಧತಿ ಏನೂ ಉಳಿದಿರಲಿಲ್ಲ ಎನ್ನಲು ಧೈರ್ಯ ಬೇಕು.

ಅಂಕಿಅಂಶ_ಅಣ್ಣ
ಅಥವಾ ಹೊಸ ಕೋಚ್ ಬದಲಾಯಿಸಿದ್ದರಿಂದ ಗೆದ್ದರು ಎನ್ನಲೂಬಹುದು ಸರ್. ನಹಾಸ್ ಚೆಂಡನ್ನು ಹೆಚ್ಚು ಹೊತ್ತು ಕಾಲಲ್ಲಿಟ್ಟುಕೊಂಡು ಆಡಿಸುವವರು. ಒಂದು ಸೀಸನ್ನಿನಿಂದ ಎರಡೂ ಸಾಬೀತಾಗುವುದಿಲ್ಲ. ನನ್ನ ತೂಕ ಹೀಗೆ: 1994ರವರೆಗೆ ಮೊದಲು ಬಂದ ಲಾಭ ಹೆಚ್ಚು, 1996ರಿಂದ 2012ರ ಒಂಬತ್ತು ಪಟ್ಟ ಪದ್ಧತಿಯವು. ಆ ಒಂಬತ್ತನ್ನು ಮಾತ್ರ ಇಟ್ಟರೂ ಅವರಿಗೆ ಸಾಟಿ ಇಲ್ಲ. ಪುರುಷರ ಕಡೆ ಇಂಡಿಯಾನಾದ ಜೆರ್ರಿ ಯೇಗ್ಲಿ ಇಡೀ ವೃತ್ತಿಯಲ್ಲಿ ಗೆದ್ದದ್ದು ಆರು.

ಪಿಟಿ_ಮೇಷ್ಟ್ರು
ಚರ್ಚೆ ಮುಗಿದರೆ ಒಂದು ಕೊನೆಯ ಪ್ರಶ್ನೆ. ರ‍್ಯಾಂಕ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಲೋ, ವಾಟ್ಸಾಪ್ ಗುಂಪಿಗೋ? ಎಷ್ಟು ದಿನದ ಮೇಲೆ ಅದನ್ನು ನೋಡಿ ಹನ್ನೊಂದು ಜನರನ್ನು ಆರಿಸಬಹುದು?

ಸಂಜೆ_ಮೈದಾನ
ವಾಟ್ಸಾಪ್ ಬೇಡ ಮೇಷ್ಟ್ರೇ, ಸ್ಕ್ರೀನ್‌ಶಾಟ್ ತಂಡದ ಹೊರಗೆ ಹೋಗುತ್ತೆ, ಕೊನೆಯ ಸ್ಥಾನದವನು ಕ್ಲಾಸಿನಲ್ಲಿ ನಗೆಪಾಟಲಾಗುತ್ತಾನೆ. ಬಟ್ಟೆ ಬದಲಿಸುವ ಕೋಣೆಯ ಒಳಗೋಡೆಗೆ ಅಂಟಿಸಿ. ಡಿಫೆಂಡರ್, ಮಿಡ್‌ಫೀಲ್ಡರ್, ಫಾರ್ವರ್ಡ್ ಮೂರು ಬೇರೆ ಪಟ್ಟಿ ಮಾಡಿ. ಹೆಡಿಂಗ್‌ನಲ್ಲಿ ವಿಂಗರ್ ಕೊನೆ ಬಂದರೆ ಯಾರಿಗೇನು?

ಒಬ್ಬರಿಗೆ ಒಬ್ಬರು ಆಟದ ಎರಡು ಪೂರ್ತಿ ಚಕ್ರ, ಕಲಸಿದ 4-4 ಪಂದ್ಯಗಳು ತಲಾ 10 ಆಗುವವರೆಗೆ ಆಯ್ಕೆಗೆ ಬಳಸಬೇಡಿ. ವಾರಕ್ಕೆ ನಾಲ್ಕು ಅಭ್ಯಾಸ ಇದ್ದರೆ ಮೂರು ವಾರ. ನಮ್ಮ ಅಂತರ ಕಾಲೇಜು ಟೂರ್ನಿ ಹೆಚ್ಚಾಗಿ ನಾಲ್ಕೈದು ದಿನದ ನಾಕೌಟ್, ಹಾಗಾಗಿ ಟೂರ್ನಿಗೆ ಐದು ವಾರ ಮೊದಲೇ ಶುರು ಮಾಡಿ. ಕೊನೆಯ ವಾರ ಹಾಳೆ ಮುಚ್ಚಿಡಿ, ಆಗ ಕಾಲು ತಾಜಾ ಇರುವುದು ಮುಖ್ಯ.

ಗೋಲ್‌ಕೀಪರ್ ಇಬ್ಬರಿಗೆ ಬೇರೆ ಲೆಕ್ಕ: 4-4 ಪಂದ್ಯದಲ್ಲಿ ದಿನ ಬಿಟ್ಟು ದಿನ ಬದಿ ಬದಲಿಸಿ, ಬಿಟ್ಟ ಗೋಲು ಮತ್ತು ಎದುರಿಸಿದ ಶಾಟ್ ಎರಡೂ ಬರೆಸಿ. ಬರೆಯುವ ಇಬ್ಬರನ್ನು ಮಾತ್ರ ಇಡೀ ಐದು ವಾರ ಬದಲಿಸಬೇಡಿ, ಒಬ್ಬೊಬ್ಬರು ಒಂದೊಂದು ರೀತಿ ಶಾಟ್ ಎಣಿಸುತ್ತಾರೆ.